ಗುಮಾಸ್ತ ರಾಮಾನುಜನ್ ಅವರ ದೊಡ್ಡ ಸಂಖ್ಯೆ



ಡಿಸೆಂಬರ್ 22 ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಜನ್ಮದಿನ. 1887ರಲ್ಲಿ ಅವರು ಹುಟ್ಟಿದ್ದು ನಮ್ಮ ತಾಳವಾಡಿಯ ಈಗಿನ ಜಿಲ್ಲಾ ಕೇಂದ್ರವಾದ ಈರೋಡಿನಲ್ಲಿ. ಎಫ್.ಎ. ಪರೀಕ್ಷೆಯಲ್ಲಿ ನಪಾಸಾಗಿ, 1912ರಲ್ಲಿ ಮದ್ರಾಸು ಬಂದರು ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು.

1914ರಲ್ಲಿ ಕೇಂಬ್ರಿಡ್ಜ್‌ಗೆ ತೆರಳಿ, ಮರುವರ್ಷ ಒಂದು ಪಟ್ಟಿ ಪ್ರಕಟಿಸಿದರು. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆಗಳ ಪಟ್ಟಿ ಅದು. 12ಕ್ಕೆ ಆರು ಭಾಜಕಗಳು. ಪಟ್ಟಿಯ ಕೊನೆಯ 67,46,32,83,88,800ಕ್ಕೆ 10,080! ಅದರಲ್ಲಿ ಬಿಟ್ಟುಹೋದದ್ದು ಒಂದೇ: 2,93,31,86,25,600. ಕೊನೆಯ ಸಂಖ್ಯೆಯನ್ನು 23ರಿಂದ ಭಾಗಿಸಿದರೆ ಸಿಗುವುದೂ ಅದೇ.

1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1920ರ ಏಪ್ರಿಲ್ 26ರಂದು, 32ನೇ ವಯಸ್ಸಿಗೇ ತೀರಿಕೊಂಡರು.

ಪರೀಕ್ಷೆಯಲ್ಲಿ ಸೋತ ಮಕ್ಕಳನ್ನು ನಾವು ಹಳಿಯದಿರೋಣ. ಕಾಗದ, ಪೆನ್ಸಿಲ್ ಕೊಟ್ಟು ಈ ಭಾಗಾಕಾರ ಮಾಡಿಸೋಣ.

– ಕಾರ್ಯದರ್ಶಿ