ಪಾಲ್ವಂಕರ್ ಬಾಲೂ (ಕ್ರಿಕೆಟ್ ಆಟಗಾರರು)

ಭಾರತದ ಮೊದಲ ಶ್ರೇಷ್ಠ ಸ್ಪಿನ್ ಬೌಲರ್ ಎಂದು ಪರಿಗಣಿಸಲ್ಪಟ್ಟಿರುವ ಶ್ರೀ ಪಾಲ್ವಂಕರ್ ಬಾಲೂರವರು 1870ರ ದಶಕದ ಮಧ್ಯಭಾಗದಲ್ಲಿ ಧಾರವಾಡದಲ್ಲಿ, ಅಂದು ಅಸ್ಪೃಶ್ಯರೆಂದು ಕರೆಯಲ್ಪಡುತ್ತಿದ್ದ ಚರ್ಮಕಾರ ಸಮುದಾಯದಲ್ಲಿ ಜನಿಸಿದರು. ತಂದೆಯವರು ಸೇನೆಯಲ್ಲಿದ್ದ ಕಾರಣ ಬಾಲ್ಯವು ಪುಣೆಯಲ್ಲಿ ಕಳೆಯಿತು.

ಅಲ್ಲಿನ ಪಾರ್ಸಿ ಕ್ಲಬ್ಬಿನಲ್ಲಿ ಮೈದಾನ ಗುಡಿಸುವ ಕೆಲಸಕ್ಕೆ ತಿಂಗಳಿಗೆ 3 ರೂಪಾಯಿ ವೇತನವಿತ್ತು. ನಂತರ ಯೂರೋಪಿಯನ್ನರ ಪೂನಾ ಜಿಮ್ಖಾನಾದಲ್ಲಿ 4 ರೂಪಾಯಿಗೆ ಸೇರಿದರು. ಗ್ರೇಗ್ ಎಂಬ ಸೇನಾಧಿಕಾರಿಯು ಅಭ್ಯಾಸದ ವೇಳೆ ತನ್ನನ್ನು ಔಟ್ ಮಾಡಿದಾಗಲೆಲ್ಲ ಇವರಿಗೆ 8 ಆಣೆ ಕೊಡುತ್ತಿದ್ದನೆಂದು ಹೇಳಲಾಗುತ್ತದೆ. ಎಂಟು ಬಾರಿ ಔಟ್ ಮಾಡಿದರೆ ಒಂದು ತಿಂಗಳ ಸಂಬಳ ದೊರೆತಂತಾಗುತ್ತಿತ್ತು.

ಪುಣೆಯ ಹಿಂದೂ ತಂಡವು ಇವರನ್ನು ಹಿಂಜರಿಕೆಯಿಂದಲೇ ಸೇರಿಸಿಕೊಂಡಿತು. ಮೈದಾನದಲ್ಲಿ ಇವರು ಮುಟ್ಟಿದ ಚೆಂಡನ್ನೇ ಸಹ ಆಟಗಾರರು ಹಿಡಿಯುತ್ತಿದ್ದರು. ಆದರೆ ವಿರಾಮದ ವೇಳೆಯಲ್ಲಿ ಚಹಾವನ್ನು ಹೊರಗಡೆ, ಬಳಸಿ ಎಸೆಯುವ ಮಣ್ಣಿನ ಕುಡಿಕೆಯಲ್ಲಿ ನೀಡಲಾಗುತ್ತಿತ್ತು. ಊಟಕ್ಕೂ ಪ್ರತ್ಯೇಕ ಸ್ಥಳವಿತ್ತು.

ಪುಣೆಯಿಂದ ಮುಂಬಯಿಗೆ ತೆರಳಿದ ಬಾಲೂರವರು ಹಿಂದೂ ಜಿಮ್ಖಾನಾ ಪರ ಆಡಿದರು. 1906ರಲ್ಲಿ ಹಿಂದೂ ತಂಡವು ಯೂರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಲು ಇವರ ಬೌಲಿಂಗ್ ಮುಖ್ಯ ಕಾರಣವಾಯಿತು. 1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಅಖಿಲ ಭಾರತ ತಂಡವು ಹೆಚ್ಚಿನ ಪಂದ್ಯಗಳಲ್ಲಿ ಸೋತಿತಾದರೂ ಇವರೊಬ್ಬರೇ 114 ವಿಕೆಟ್ ಪಡೆದರು. ಭಾರತವು ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಆದ್ದರಿಂದ ಟೆಸ್ಟ್ ಆಟಗಾರರ ಪಟ್ಟಿಯಲ್ಲಿ ಇವರ ಹೆಸರು ಕಾಣಸಿಗುವುದಿಲ್ಲ.

ಇಷ್ಟೆಲ್ಲ ಸಾಧನೆಯಿದ್ದರೂ ಹಿಂದೂ ತಂಡದ ನಾಯಕತ್ವವು ಇವರಿಗೆ ದೊರೆಯಲಿಲ್ಲ. ಅರ್ಹತೆಯ ಕೊರತೆ ಇದಕ್ಕೆ ಕಾರಣವಾಗಿರಲಿಲ್ಲ ಎಂಬುದು ಸ್ಪಷ್ಟ. 1920ರಲ್ಲಿ ಇವರನ್ನು ತಂಡದಿಂದ ಕೈಬಿಟ್ಟು, ತಮ್ಮನಾದ ವಿಠ್ಠಲರನ್ನೂ ನಾಯಕತ್ವಕ್ಕೆ ಪರಿಗಣಿಸದಿದ್ದಾಗ ಸಹೋದರರು ಬಹಿರಂಗವಾಗಿ ಪ್ರತಿಭಟಿಸಿ ಹಿಂದೆ ಸರಿದರು. ತರುವಾಯ ಬಾಲೂರವರನ್ನು ಉಪನಾಯಕರನ್ನಾಗಿ ಮಾಡಲಾಯಿತು. ಪೂರ್ಣ ನಾಯಕತ್ವವು 1923ರಲ್ಲಿ ವಿಠ್ಠಲರಿಗೆ ಲಭಿಸಿತು, ಮತ್ತು ಆ ವರ್ಷ ತಂಡವು ಜಯಗಳಿಸಿತು. ಇನ್ನಿಬ್ಬರು ಸಹೋದರರಾದ ಶಿವರಾಮ್ ಹಾಗೂ ಗಣಪತ್ ಸಹ ಉತ್ತಮ ಆಟಗಾರರಾಗಿದ್ದರು.

ಡಾ. ಬಿ.ಆರ್. ಅಂಬೇಡ್ಕರ್‌ರವರು ಯೌವನದಲ್ಲಿ ಬಾಲೂರವರ ಬಗ್ಗೆ ಅಪಾರ ಅಭಿಮಾನ ಹೊಂದಿದ್ದರು. ಮುಂದೆ ರಾಜಕೀಯವಾಗಿ ಇಬ್ಬರ ಮಾರ್ಗಗಳು ಬೇರೆಯಾದವು. 1937ರ ಮುಂಬಯಿ ಶಾಸನಸಭಾ ಚುನಾವಣೆಯಲ್ಲಿ ಬಾಲೂರವರು ಕಾಂಗ್ರೆಸ್ ಅಭ್ಯರ್ಥಿಯಾಗಿ ಅಂಬೇಡ್ಕರ್‌ರವರ ವಿರುದ್ಧವೇ ಸ್ಪರ್ಧಿಸಿ ಸುಮಾರು 2,000 ಮತಗಳಿಂದ ಪರಾಭವಗೊಂಡರು.

ಶ್ರೀಯುತರು 1955ರ ಜುಲೈ 4ರಂದು ಮುಂಬಯಿಯಲ್ಲಿ ನಿಧನ ಹೊಂದಿದರು.