ಯುಗಳಗೀತೆಯ ಗಾಯಕಿ ಟ್ಯಾಮಿ ಟೆರೆಲ್

ಅಮೆರಿಕದ ಫಿಲಡೆಲ್ಫಿಯ ನಗರದ ಕಪ್ಪು ಜನಾಂಗದ ಕುಟುಂಬವೊಂದರಲ್ಲಿ 1945ರ ಏಪ್ರಿಲ್ 29ರಂದು ಹೆಣ್ಣುಮಗುವೊಂದು ಜನಿಸಿತು. ತಂದೆತಾಯಿಗಳು ಇಟ್ಟ ಹೆಸರು ತಾಮಸಿನಾ ಮಾಂಟ್ಗೊಮೆರಿ. ಸಂಗೀತಲೋಕವು ಆಕೆಯನ್ನು ಬಲ್ಲುದು ಟ್ಯಾಮಿ ಟೆರೆಲ್ ಎಂಬ ಹೆಸರಿನಿಂದ.

ಹದಿಹರೆಯದಲ್ಲಿಯೇ ಆಕೆಯ ಹಾಡುಗಳು ಧ್ವನಿಮುದ್ರಿಕೆಗಳಾಗಿ ಹೊರಬಂದವು. 1965ರಲ್ಲಿ ಆಕೆ ಡೆಟ್ರಾಯಿಟ್ ನಗರದ ಮೋಟೌನ್ ಸಂಸ್ಥೆಯನ್ನು ಸೇರಿದಳು. ಬೆರಿ ಗಾರ್ಡಿ ಎಂಬಾತ 1959ರಲ್ಲಿ ತನ್ನ ಮನೆಯವರಿಂದಲೇ 800 ಡಾಲರ್ ಸಾಲ ಪಡೆದು ಕಟ್ಟಿದ ಸಂಸ್ಥೆ ಅದು. ಕಪ್ಪು ಜನರ ಚರ್ಚುಗಳ ಭಕ್ತಿಗಾನದ ಆವೇಶವನ್ನು ಲೌಕಿಕ ಪ್ರೇಮದ ಹಾಡಿಗೆ ತಂದ 'ಸೋಲ್' ಸಂಗೀತಕ್ಕೆ ಆ ಸಂಸ್ಥೆ ಹೆಸರಾಗಿತ್ತು.

ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ನಿಕೊಲಾಸ್ ಆಷ್‌ಫರ್ಡ್ ಮತ್ತು ವ್ಯಾಲೆರಿ ಸಿಂಪ್ಸನ್ ಎಂಬ ಇಬ್ಬರು ತರುಣ ಗೀತರಚನಕಾರರಿದ್ದರು. ಹಾರ್ಲೆಮ್ ಬಡಾವಣೆಯ ಚರ್ಚೊಂದರಲ್ಲಿ ಪರಿಚಿತರಾದವರು. ಪ್ರೀತಿಯ ದಾರಿಗೆ ಯಾವ ಪರ್ವತವೂ ಅಡ್ಡಿಯಲ್ಲವೆಂಬ ಭಾವದ ಹಾಡೊಂದನ್ನು ಅವರು ರಚಿಸಿದರು. ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಎಂಬ ಪ್ರಸಿದ್ಧ ಗಾಯಕಿ ಬಯಸಿದರೂ ಅದನ್ನು ಕೊಡದೆ, ಮೋಟೌನ್ ಸಂಸ್ಥೆಗೆಂದು ಕಾದಿರಿಸಿದರು. ಹೆಸರಿಲ್ಲದ ತರುಣರಿಗೆ ಇದು ಸಣ್ಣ ಧೈರ್ಯವಲ್ಲ. 'ಏಂಟ್ ನೋ ಮೌಂಟನ್ ಹೈ ಎನಫ್' ಎಂಬ ಆ ಹಾಡು ಟೆರೆಲ್ ಹಾಗೂ ಮಾರ್ವಿನ್ ಗೇ ಎಂಬ ಗಾಯಕನ ಪಾಲಿಗೆ ಬಂದಿತು.

ಯುಗಳಗೀತೆಯೆಂದೊಡನೆ ಇಬ್ಬರೂ ಅಕ್ಕಪಕ್ಕದಲ್ಲಿ ನಿಂತು ಹಾಡಿದರೆಂದೇ ನಾವು ಭಾವಿಸುತ್ತೇವೆ. ಇಲ್ಲಿ ಹಾಗಾಗಲಿಲ್ಲ. ಹಾರ್ವಿ ಫುಕ್ವಾ ಮತ್ತು ಜಾನಿ ಬ್ರಿಸ್ಟಲ್ ಎಂಬ ನಿರ್ಮಾಪಕರ ಮುಂದೆ ಟೆರೆಲ್ ಒಬ್ಬಳೇ ನಿಂತಳು. ಸಾಹಿತ್ಯವನ್ನು ಮೊದಲೇ ಅಭ್ಯಾಸಮಾಡಿರದ ಕಾರಣ ಆಕೆಗೆ ಅಳುಕಿತ್ತು. ಆದರೂ ಹಾಡಿದಳು. ಗೇಯ ಧ್ವನಿಯನ್ನು ಅನಂತರ ಬೇರೊಂದು ದಿನ ಸೇರಿಸಲಾಯಿತು. ಹಾಡನ್ನು ಕೇಳುವಾಗ ಮೊದಲು ಗೇ ಕರೆಯುತ್ತಾನೆ, ಟೆರೆಲ್ ಓಗೊಡುತ್ತಾಳೆ. ನಡೆದುದು ಮಾತ್ರ ಹಿಂದುಮುಂದು: ಆತನಿನ್ನೂ ಕರೆಯದಿದ್ದ ಕರೆಗೆ ಆಕೆ ಆಗಲೇ ಉತ್ತರ ಕೊಟ್ಟಾಗಿತ್ತು! ಆ ಉಲ್ಲಾಸದ ಕಂಠದಲ್ಲಿ ಅಳುಕಿನ ಸುಳಿವನ್ನು ಹುಡುಕಿದರೂ ಸಿಗದು.

1967ರ ಏಪ್ರಿಲ್‌ನಲ್ಲಿ ಮುದ್ರಿಕೆ ಹೊರಬಂದು ಜನಪ್ರಿಯವಾಯಿತು. ಇಬ್ಬರೂ ಊರೂರುಗಳಲ್ಲಿ ಜೊತೆಯಾಗಿ ಹಾಡತೊಡಗಿದರು. ಅವರದು ಒಡಹುಟ್ಟಿದವರಂತಹ ಸ್ನೇಹ. ಟೆರೆಲ್‌ಗೆ ಬಾಲ್ಯದಿಂದಲೂ ತೀವ್ರವಾದ ತಲೆನೋವು ಬರುತ್ತಿತ್ತು. ಅದೇ ವರ್ಷದ ಅಕ್ಟೋಬರ್ 14ರಂದು ವರ್ಜೀನಿಯದ ಕಾಲೇಜೊಂದರಲ್ಲಿ ಹಾಡುತ್ತಿದ್ದಂತೆಯೇ ಆಕೆ ವೇದಿಕೆಯ ಮೇಲೆ ಕುಸಿದಳು. ಪಕ್ಕದಲ್ಲಿದ್ದ ಗೇ ತನ್ನ ತೋಳುಗಳಲ್ಲಿ ಆಕೆಯನ್ನು ಹಿಡಿದುಕೊಂಡನು.

ಮೆದುಳಿನಲ್ಲಿ ಗೆಡ್ಡೆ ಬೆಳೆದಿರುವುದು ವೈದ್ಯರಿಗೆ ಕಂಡುಬಂದಿತು. ಒಂದರ ಮೇಲೊಂದರಂತೆ ಶಸ್ತ್ರಚಿಕಿತ್ಸೆಗಳಾದವು. 1970ರ ಮಾರ್ಚ್ 16ರಂದು, ಇಪ್ಪತ್ತೈದು ತುಂಬುವ ಮೊದಲೇ, ಟೆರೆಲ್ ಕಣ್ಮುಚ್ಚಿದಳು.

ಅದೇ ವರ್ಷ ಡಯಾನಾ ರಾಸ್ ಎಂಬ ಗಾಯಕಿ ಆ ಹಾಡನ್ನು ಮತ್ತೆ ಹಾಡಿದಳು. ಅದು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಮೂಲ ಯುಗಳಗೀತೆಗೆ ದೊರೆತಿದ್ದುದು 19ನೆಯ ಸ್ಥಾನ. ಗೇ ಮಾತ್ರ ಗೆಳತಿಯನ್ನು ಕಳೆದುಕೊಂಡ ಮೇಲೆ ಬಹುಕಾಲ ವೇದಿಕೆಯನ್ನೇ ಏರಲಿಲ್ಲ.