ಸೋಲಿನಲ್ಲಿ ಬಿತ್ತಿದ ಬೀಜ

ಗೆದ್ದವರ ಹೆಸರನ್ನು ಲೋಕವು ಬೇಗನೆ ಕಲಿಯುತ್ತದೆ. ಗೆಲುವಿಗಾಗಿ ನೆಲವನ್ನು ಹದಮಾಡಿ, ಫಲ ಕೈಗೆ ಬರುವ ಮೊದಲೇ ಹೊಲವನ್ನು ಬಿಟ್ಟು ನಡೆದವರನ್ನು ಅದು ತಡವಾಗಿ ನೆನೆಯುತ್ತದೆ. ಅಮೆರಿಕದ ಬೇಸ್‌ಬಾಲ್ ಕ್ರೀಡೆಯ ಚರಿತ್ರೆಯಲ್ಲಿ ಬ್ರಾಂಚ್ ರಿಕ್ಕಿಯವರು ಮಹಾ ವಿಜಯಗಳನ್ನೂ ಕಂಡರು, ಘೋರವಾದ ಸೋಲನ್ನೂ ಕಂಡರು. ಅವರ ಸತ್ತ್ವವನ್ನು ಹೆಚ್ಚಾಗಿ ಪರೀಕ್ಷಿಸಿದ್ದು ಸೋಲೇ.

ರಿಕ್ಕಿಯವರು 1881ರ ಡಿಸೆಂಬರ್ 20ರಂದು ಓಹಿಯೋ ರಾಜ್ಯದ ಸ್ಟಾಕ್‌ಡೇಲ್ ಎಂಬ ಹಳ್ಳಿಯಲ್ಲಿ ಒಕ್ಕಲುತನದ ಮನೆಯೊಂದರಲ್ಲಿ ಜನಿಸಿದರು. ಮನೆಯವರು ದೈವಭಕ್ತರು. ಭಾನುವಾರ ದೇವರ ದಿನವೆಂದು ತಾಯಿಗೆ ಕೊಟ್ಟ ಮಾತಿನಂತೆ ಅವರು ಆ ದಿನ ಆಟಕ್ಕೆ ಇಳಿಯುತ್ತಿರಲಿಲ್ಲ. ಮುಂದೆ ತಂಡಗಳ ಮುಖ್ಯಸ್ಥರಾದಾಗಲೂ ಭಾನುವಾರ ಕ್ರೀಡಾಂಗಣದತ್ತ ಸುಳಿಯುತ್ತಿರಲಿಲ್ಲ. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳಿ ಹಣ ಕೂಡಿಸಿ, ಓಹಿಯೋ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ ಓದಿದರು. ಕ್ಷಯರೋಗವನ್ನು ಎದುರಿಸಿ ಗುಣಹೊಂದಿದ ಮೇಲೆ ಮಿಷಿಗನ್ ವಿಶ್ವವಿದ್ಯಾನಿಲಯದಿಂದ 1911ರಲ್ಲಿ ಕಾನೂನು ಪದವಿಯನ್ನು ಪಡೆದರು.

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿನಂತೆಯೇ ಚೆಂಡು ದಾಂಡುಗಳ ಆಟ. ಒಂದೊಂದು ಪಕ್ಷದಲ್ಲಿ ಒಂಬತ್ತು ಮಂದಿ ಆಡುತ್ತಾರೆ. ಚೆಂಡನ್ನು ಹೊಡೆದವನು ಬೇಸ್ ಎಂಬ ನೆಲೆಗಳನ್ನು ಒಂದೊಂದಾಗಿ ಮುಟ್ಟಿ, ಸುತ್ತಿ ಬಂದರೆ ಒಂದು ಓಟ. ಆಟಗಾರರಾಗಿ ರಿಕ್ಕಿಯವರು ಸಾಧಾರಣರು. 1907ರಲ್ಲಿ ದಾಂಡಿಗನ ಹಿಂದೆ ನಿಂತು ಚೆಂಡು ಹಿಡಿಯುವ ಕೆಲಸ ಅವರದಾಗಿದ್ದ ಒಂದು ಪಂದ್ಯದಲ್ಲಿ ಎದುರಾಳಿಗಳು 13 ಸಲ ಅವರ ಕಣ್ಣು ತಪ್ಪಿಸಿ ನೆಲೆಯಿಂದ ನೆಲೆಗೆ ಓಡಿಬಿಟ್ಟರು. ಆದರೆ ಯುವಕರಲ್ಲಿ ಅಡಗಿದ್ದ ಶಕ್ತಿಯನ್ನು ಗುರುತಿಸುವ ಕಣ್ಣು ಅವರಿಗಿತ್ತು.

1917ರಲ್ಲಿ ಅವರು ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಸೇರಿದರು. ಬಡತಂಡವಾದ ಅದಕ್ಕೆ ಹೆಸರಾಂತ ಆಟಗಾರರನ್ನು ಕೊಳ್ಳುವ ಶಕ್ತಿಯಿರಲಿಲ್ಲ. ಕೊಳ್ಳಲಾಗದುದನ್ನು ಬೆಳೆಯಬೇಕೆಂದು ರಿಕ್ಕಿಯವರು ಬಗೆದರು. ಸಣ್ಣ ಊರುಗಳ ಸಣ್ಣ ತಂಡಗಳನ್ನು ತಮ್ಮ ಆಡಳಿತಕ್ಕೆ ತಂದು, ಅಲ್ಲಿ ಹುಡುಗರನ್ನು ಪಳಗಿಸಿ ಮೇಲಕ್ಕೆ ತರುವ ಪದ್ಧತಿಯನ್ನು ಕಟ್ಟಿದರು. ಕಾರ್ಡಿನಲ್ಸ್ ತಂಡವು 1926, 1931, 1934 ಮತ್ತು 1942ರಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯನ್ನು ಗೆದ್ದಿತು.

ಅನಂತರ ಅವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಹೊಣೆ ಹೊತ್ತರು. ಆ ಕಾಲದ ದೊಡ್ಡ ತಂಡಗಳಲ್ಲಿ ಕರಿಯರಿಗೆ ಪ್ರವೇಶವಿರಲಿಲ್ಲ. ರಿಕ್ಕಿಯವರು 1945ರಲ್ಲಿ ಜಾಕಿ ರಾಬಿನ್‌ಸನ್ ಎಂಬ ಕರಿಯ ತರುಣನನ್ನು ಆರಿಸಿದರು. 1947ರ ಏಪ್ರಿಲ್ 15ರಂದು ರಾಬಿನ್‌ಸನ್ ಬ್ರೂಕ್ಲಿನ್ ಪರವಾಗಿ ಕಣಕ್ಕಿಳಿದಾಗ ವರ್ಣಭೇದದ ಗೋಡೆಯೊಂದು ಬಿರಿಯಿತು.

ಇಷ್ಟು ಕೀರ್ತಿಯ ಮೇಲೆ ಪರೀಕ್ಷೆಯ ಕಾಲ ಬಂದಿತು. ಬ್ರೂಕ್ಲಿನ್ ತಂಡದ ಒಡೆತನ ಬೇರೆಯವರ ಕೈಸೇರಿದ್ದರಿಂದ 1950ರಲ್ಲಿ ರಿಕ್ಕಿಯವರು ಅದನ್ನು ಬಿಡಬೇಕಾಯಿತು. ಎಪ್ಪತ್ತರ ಸಮೀಪದಲ್ಲಿದ್ದ ಅವರು ಉಕ್ಕಿನ ನಗರವಾದ ಪಿಟ್ಸ್‌ಬರ್ಗಿಗೆ ಬಂದು ಪೈರೇಟ್ಸ್ ತಂಡವನ್ನು ವಹಿಸಿಕೊಂಡರು. ಅದು ಆ ವರ್ಷ ನ್ಯಾಷನಲ್ ಲೀಗಿನ ಎಂಟು ತಂಡಗಳಲ್ಲಿ ಕೊನೆಯದಾಗಿತ್ತು. ಹಳಬರಿಗೆ ತೇಪೆ ಹಾಕುವುದನ್ನು ಬಿಟ್ಟು, ಎಳೆಯರಿಂದಲೇ ಹೊಸ ತಂಡವನ್ನು ಕಟ್ಟಲು ಅವರು ನಿಶ್ಚಯಿಸಿದರು.

1952ನೆಯ ಇಸವಿ ಆ ನಿಶ್ಚಯಕ್ಕೆ ಕೇಳಿದ ಬೆಲೆ ಭಾರಿಯಾಗಿತ್ತು. ಇಪ್ಪತ್ತು ತುಂಬದ ಹುಡುಗರೂ ನುರಿತ ಎದುರಾಳಿಗಳ ಮುಂದೆ ನಿಂತರು. ಚೆಂಡೆಸೆತದಲ್ಲಿ ಭರವಸೆ ಮೂಡಿಸಿದ್ದ ವರ್ನ್ ಲಾ ಅವರನ್ನು ಸೈನ್ಯ ಕರೆದುಕೊಂಡಿತು. ವರ್ಷದ 154 ಪಂದ್ಯಗಳಲ್ಲಿ ತಂಡ ಗೆದ್ದದ್ದು 42, ಸೋತದ್ದು 112. ಇಪ್ಪತ್ತನೆಯ ಶತಮಾನದಲ್ಲಿ ಅದು ಒಂದೇ ವರ್ಷ ಇಷ್ಟು ಪಂದ್ಯಗಳನ್ನು ಮತ್ತೆಂದೂ ಸೋಲಲಿಲ್ಲ. ಆ ವರ್ಷ ಲೀಗಿನಲ್ಲಿ ಮೊದಲನೆಯ ಸ್ಥಾನ ಪಡೆದದ್ದು ಬ್ರೂಕ್ಲಿನ್. ರಿಕ್ಕಿಯವರು ಕಟ್ಟಿ ಬಿಟ್ಟುಬಂದ ತಂಡ ಶಿಖರದಲ್ಲಿತ್ತು, ಕಟ್ಟುತ್ತಿದ್ದ ತಂಡ ಪಾತಾಳದಲ್ಲಿತ್ತು.

ಅವರು ನಿರ್ದೋಷಿಗಳೆಂದು ಹೇಳಲಾಗದು. ಹಣದ ವಿಷಯದಲ್ಲಿ ಅವರ ಕೈ ಬಿಗಿ. ಅಂಥ ವರ್ಷದಲ್ಲಿಯೂ 37 ಹೋಮ್ ರನ್ ಹೊಡೆದು ಲೀಗಿನ ಅಗ್ರಸ್ಥಾನವನ್ನು ಹಂಚಿಕೊಂಡಿದ್ದ ರಾಲ್ಫ್ ಕೈನರ್ ಅವರ ಸಂಬಳವನ್ನು ಇಳಿಸಿದರು. 1953ರ ಜೂನ್‌ನಲ್ಲಿ ಅವರನ್ನು ಷಿಕಾಗೊ ತಂಡಕ್ಕೆ ಒಪ್ಪಿಸಿದರು. ತಮ್ಮ ಮೆಚ್ಚಿನ ಆಟಗಾರನನ್ನು ಕಳೆದುಕೊಂಡ ಊರಿನ ಜನ ನೊಂದುಕೊಂಡದ್ದು ಸಹಜವೇ. ಮಾಗದ ಹುಡುಗರನ್ನು ಅವಸರದಿಂದ ಮುಂದೆ ತಂದರೆಂಬ ಆಕ್ಷೇಪಣೆಯಲ್ಲಿಯೂ ಸತ್ಯಾಂಶವುಂಟು.

ಆದರೆ ಅವರು ಕೈಚೆಲ್ಲಿ ಕೂರಲಿಲ್ಲ. ದಾಂಡಿಗರ ತಲೆಗೆ ಚೆಂಡು ಬಡಿದು ಅಪಾಯವಾಗುತ್ತಿದ್ದುದನ್ನು ಕಂಡು ಗಟ್ಟಿಯಾದ ಶಿರಸ್ತ್ರಾಣವನ್ನು ಸಿದ್ಧಪಡಿಸಿ, 1953ರ ಹೊತ್ತಿಗೆ ತಮ್ಮ ಆಟಗಾರರೆಲ್ಲ ಧರಿಸುವಂತೆ ಮಾಡಿದರು. 1952ರಲ್ಲಿಯೇ ಡಿಕ್ ಗ್ರೋಟ್ ಎಂಬ ತರುಣ ಕಾಲೇಜಿನಿಂದ ನೇರವಾಗಿ ತಂಡಕ್ಕೆ ಬಂದನು. ಎಲ್‌ರಾಯ್ ಫೇಸ್, ಬಿಲ್ ಮಜೆರೋಸ್ಕಿ ಮುಂತಾದವರೂ ರಿಕ್ಕಿಯವರ ಕಾಲದಲ್ಲಿ ಬಂದವರೇ. ಇತರ ತಂಡಗಳು ಕೆಳದರ್ಜೆಯಲ್ಲಿಟ್ಟ ಆಟಗಾರರನ್ನು ಆರಿಸುವಾಗ ಕಡೆಯ ಸ್ಥಾನದ ತಂಡಕ್ಕೆ ಮೊದಲ ಅವಕಾಶ ಸಲ್ಲುವುದೆಂಬ ನಿಯಮವಿತ್ತು. ಅದರಂತೆ 1954ರ ನವೆಂಬರಿನಲ್ಲಿ ಬ್ರೂಕ್ಲಿನ್ ತಂಡದ ಬಳಿಯಿದ್ದ ಪೋರ್ಟೊರಿಕೊ ದ್ವೀಪದ ರಾಬರ್ಟೊ ಕ್ಲೆಮೆಂಟೆ ಎಂಬ ತರುಣನನ್ನು ಪಿಟ್ಸ್‌ಬರ್ಗ್ ಆರಿಸಿಕೊಂಡಿತು. ಸೋಲೇ ಆ ಬಾಗಿಲನ್ನು ತೆರೆದಿತ್ತು.

ಫಲವನ್ನು ಕಾಣುವ ತನಕ ರಿಕ್ಕಿಯವರಿಗೆ ಅಧಿಕಾರ ಉಳಿಯಲಿಲ್ಲ. 1952ರಿಂದ 1955ರವರೆಗೆ ನಾಲ್ಕು ವರ್ಷವೂ ತಂಡ ಕಟ್ಟಕಡೆಯಲ್ಲಿಯೇ ನಿಂತಿತು. 1955ರ ಕೊನೆಗೆ ಅವರು ಆಡಳಿತವನ್ನು ಕಿರಿಯರಾದ ಜೋ ಬ್ರೌನ್ ಅವರಿಗೆ ಬಿಟ್ಟುಕೊಟ್ಟರು. ಬ್ರೌನ್ ಅವರೂ ತರಬೇತುದಾರ ಡ್ಯಾನಿ ಮರ್ಟಾ ಅವರೂ ಆ ಸಸಿಗಳಿಗೆ ನೀರೆರೆದು, ಬೇಕಾದ ಹೊಸಬರನ್ನು ಕೂಡಿಸಿದರು.

1960ರ ಅಕ್ಟೋಬರ್ 13ರಂದು ಪಿಟ್ಸ್‌ಬರ್ಗಿನ ಫೋರ್ಬ್ಸ್ ಫೀಲ್ಡ್ ಅಂಗಣದಲ್ಲಿ ವರ್ಲ್ಡ್ ಸೀರೀಸಿನ ಏಳನೆಯ ಪಂದ್ಯ ನಡೆಯಿತು. ಎದುರಾಳಿ ಬಲಾಢ್ಯವಾದ ನ್ಯೂಯಾರ್ಕ್ ಯಾಂಕೀಸ್. ಎರಡು ಪಕ್ಷಗಳೂ 9 ಓಟಗಳಲ್ಲಿ ಸಮನಾಗಿದ್ದಾಗ ಮಜೆರೋಸ್ಕಿ ಹೊಡೆದ ಚೆಂಡು ಗೋಡೆಯನ್ನು ದಾಟಿತು. 35 ವರ್ಷಗಳ ಬಳಿಕ ಪಿಟ್ಸ್‌ಬರ್ಗ್ ಮತ್ತೆ ಅಂತಿಮ ಸರಣಿಯನ್ನು ಗೆದ್ದಿತು. ಕ್ಲೆಮೆಂಟೆ, ಗ್ರೋಟ್, ಲಾ, ಫೇಸ್ ಎಲ್ಲರೂ ಆ ತಂಡದಲ್ಲಿದ್ದರು.

ರಿಕ್ಕಿಯವರು 1965ರ ನವೆಂಬರಿನಲ್ಲಿ ಮಿಸೌರಿಯ ಸನ್ಮಾನ ಸಭೆಯೊಂದರಲ್ಲಿ ಭಾಷಣ ಮಾಡುತ್ತಿರುವಾಗಲೇ ಕುಸಿದುಬಿದ್ದು, ಡಿಸೆಂಬರ್ 9ರಂದು ನಿಧನರಾದರು. 1967ರಲ್ಲಿ ಅವರ ಹೆಸರು ಬೇಸ್‌ಬಾಲ್ ಕೀರ್ತಿಶಾಲಿಗಳ ಸಾಲಿಗೆ ಸೇರಿತು. 1971ರಿಂದ ದೊಡ್ಡ ತಂಡಗಳಿಗೆ ಹೊಸದಾಗಿ ಬರುವ ದಾಂಡಿಗರಿಗೆಲ್ಲ ಶಿರಸ್ತ್ರಾಣವು ಕಡ್ಡಾಯವಾಯಿತು.

ಸೋತವರೆಲ್ಲರೂ ಮುಂದೆ ಗೆಲ್ಲುವರೆಂಬ ಭರವಸೆಯನ್ನು ಈ ಜೀವನಚರಿತೆ ಕೊಡುವುದಿಲ್ಲ. ಸೋಲಿನ ದಿನಗಳಲ್ಲಿ ಮಾಡಿದ ಕೆಲಸವು ಮಾಡಿದವನಿಗೇ ಫಲ ಕೊಡುವುದೆಂದೂ ಇಲ್ಲ. ಆದರೆ ಆ ಕೆಲಸ ನಡೆಯದೆ ಹೋಗಿದ್ದರೆ 1960ರ ಆ ಅಪರಾಹ್ನ ಪಿಟ್ಸ್‌ಬರ್ಗಿನ ಪಾಲಿಗೆ ಬರುತ್ತಿರಲಿಲ್ಲ.